ಝಡ್ ಆರ್ ಅಂದರೆ ಯಾವ ದೇಶ?

ಲೇಥ್ ಮುಂದೆ ನಿಲ್ಲುವ ಹೊಸ ಹುಡುಗರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಅಂಗಿ ತೋಳನ್ನು ಮೊಣಕೈ ಮೇಲೆ ಮಡಚಿಕೊಳ್ಳಿ. ಉಳಿದದ್ದನ್ನು ಯಂತ್ರವೇ ಕಲಿಸುತ್ತದೆ, ಸ್ವಲ್ಪ ಒರಟಾಗಿ.

ದಾಂಡೇಲಿಯ ಒಂದು ವರ್ಕ್‌ಶಾಪಿನಲ್ಲಿ ನಾನು ಟರ್ನರ್ ಆಗಿದ್ದೆ. ಮೈಕ್ರೋಮೀಟರಿನ ಗೆರೆ ಓದಲು ಕಣ್ಣು ತಕರಾರು ತೆಗೆಯುವವರೆಗೂ ಅಲ್ಲೇ ಇದ್ದೆ. ಬಡ್ತಿಯ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಮೊದಲು ಕಸ ಹೊಡೆದೆ, ಆಮೇಲೆ ಲೇಥ್ ಹಿಡಿದೆ, ಕೂದಲು ಬೆಳ್ಳಗಾದ ಮೇಲೆ ಎಲ್ಲರೂ ಮೇಸ್ತ್ರಿ ಅಂದರು. ಸಂಬಳ ಹೆಚ್ಚಾಯಿತೋ ಮರ್ಯಾದೆ ಹೆಚ್ಚಾಯಿತೋ ಎಂದು ಕೇಳಿದರೆ, ಬೈಯುವವರು ಕಡಿಮೆಯಾದರು ಅನ್ನಬಹುದು.

ವರ್ಕ್‌ಶಾಪಿನ ಮಾಲೀಕರು ಹಳಿಯಾಳ ಕಡೆಯ ಶಿವಬಸಪ್ಪ ಸಾವಕಾರರು. ಹಣೆತುಂಬ ವಿಭೂತಿ, ಕೈತುಂಬ ಗ್ರೀಸ್. ದಿನಾ ಬೆಳಗ್ಗೆ ದೇವರಿಗೆ ಕೈಮುಗಿದು, ಅದೇ ಕೈಯಿಂದ ಲೇಥಿಗೂ ಒಂದು ನಮಸ್ಕಾರ ಹಾಕುತ್ತಿದ್ದರು. ಸುತ್ತಲಿನ ಕಾರ್ಖಾನೆಗಳ ಪಂಪಿನ ದಂಡ, ಬುಶ್ಶು, ರೈತರ ಟ್ರ್ಯಾಕ್ಟರಿನ ಮುರಿದ ಭಾಗ, ಏನು ಬಂದರೂ ಇಲ್ಲ ಅನ್ನುತ್ತಿರಲಿಲ್ಲ. ‘ನೋಡೂಣು ಬರ್ರಿ’ ಎಂಬುದೇ ಅವರ ಬೋರ್ಡು, ಅದೇ ಅವರ ಗ್ಯಾರಂಟಿ.

ನಾನು ಲೇಥ್ ಹಿಡಿದ ಹೊಸತು. ಲೇಥಿನಲ್ಲಿ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಭಾಗಕ್ಕೆ ಚಕ್ ಎನ್ನುತ್ತಾರೆ. ಅದನ್ನು ಬಿಗಿ ಮಾಡಲು ಒಂದು ಕೀಲಿ ಇರುತ್ತದೆ. ಬಿಗಿ ಮಾಡಿದ ಮೇಲೆ ಕೀಲಿ ತೆಗೆಯಬೇಕು. ನಾನು ತೆಗೆಯಲಿಲ್ಲ, ಸ್ವಿಚ್ ಒತ್ತಿದೆ. ಕೀಲಿ ಹಾರಿತು. ಸಾವಕಾರರು ಆಗತಾನೇ ರೊಟ್ಟಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಕೀಲಿ ಗೋಡೆಗೆ ಬಡಿದು ನೆಲಕ್ಕೆ ಪುಟಿದು ನೆಟ್ಟಗೆ ಡಬ್ಬಿಯೊಳಗೆ ಬಿತ್ತು. ಒಂದು ಮೊಳ ಆಚೀಚೆಯಾಗಿದ್ದರೆ ಈ ಕಥೆ ಬರೆಯಲು ನಾನು ಜೈಲಿನ ಹೊರಗೆ ಇರುತ್ತಿರಲಿಲ್ಲ. ಅವರು ಕೀಲಿಯನ್ನು ಎತ್ತಿ, ಅಂಟಿದ್ದ ಶೇಂಗಾ ಚಟ್ನಿ ಒರೆಸಿ, ನನ್ನ ಕಡೆ ನೋಡಿದರು.

“ಜುಜೆ, ಚಟ್ನಿಗೆ ಉಪ್ಪು ಕಡಿಮಿ ಆಗಿತ್ತು ಖರೆ. ಕಬ್ಬಿಣ ಯಾಕ ಹಾಕಿದ್ಯೋ ತಮ್ಮಾ?”

ಅವತ್ತೇ ಆ ಕೀಲಿಯನ್ನು ಹಗ್ಗ ಕಟ್ಟಿ ನನ್ನ ಕೊರಳಿಗೆ ತೂಗುಬಿಟ್ಟರು. ಕೆಲಸ ಮಾಡುವಾಗ ಹಗ್ಗ ಕೊರಳಲ್ಲಿದ್ದರೆ ಅದೂ ಅಪಾಯವೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಪುಣ್ಯಕ್ಕೆ ಅದು ಅವರಿಗೇ ಹೊಳೆಯಿತು, ಸೊಂಟಕ್ಕೆ ಕಟ್ಟಿಸಿದರು, ಮಳೆಗಾಲ ಮುಗಿಯುವವರೆಗೂ ಅಲ್ಲೇ ಇತ್ತು.

ನಾನು ಸಿದ್ದಿ. ಹಳಿಯಾಳ ತಾಲೂಕಿನ ಕಾಡಂಚಿನ ಒಂದು ವಾಡೆಯಲ್ಲಿ, ಅಂದರೆ ಸಣ್ಣ ಕೇರಿಯಲ್ಲಿ, ಹುಟ್ಟಿದವನು. ನಮ್ಮವರಲ್ಲಿ ಚರ್ಚಿಗೆ ಹೋಗುವವರಿದ್ದಾರೆ, ಮಸೀದಿಗೆ ಹೋಗುವವರಿದ್ದಾರೆ, ಗುಡಿಗೆ ಹೋಗುವವರಿದ್ದಾರೆ. ನಮ್ಮ ಮನೆ ಚರ್ಚಿನ ಕಡೆಯದು. ಗುಂಗುರು ಕೂದಲು, ಕಪ್ಪು ಬಣ್ಣ ನೋಡಿ ವರ್ಕ್‌ಶಾಪಿಗೆ ಬಂದ ಹೊಸಬರೆಲ್ಲ ಯಾವ ದೇಶ ಎಂದು ಕೇಳುತ್ತಿದ್ದರು. ಒಮ್ಮೆ ಬೆಂಗಳೂರಿನಿಂದ ಬಂದ ವಿಮೆಯ ಅಧಿಕಾರಿಯೊಬ್ಬರು ನನ್ನೊಡನೆ ಬರೀ ಇಂಗ್ಲಿಷಿನಲ್ಲೇ ಮಾತಾಡಿದರು. ನಾನು “ಕೂಡ್ರಿ ಸಾಹೇಬ್ರ, ಚಾ ಕುಡೀತೀರೇನು?” ಅಂದೆ. ಅವರು ಬೆಚ್ಚಿ, “ಕನ್ನಡ ಯಾವಾಗ ಕಲಿತ್ರಿ?” ಅಂದರು. “ಮಾತು ಕಲ್ತಾಗ ರೀ,” ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹುಟ್ಟಿದ ಊರಿನಲ್ಲೇ ದಿನಬೆಳಗಾದರೆ ಊರು ಯಾವುದು ಎಂದು ಕೇಳಿಸಿಕೊಳ್ಳುವುದು ಬೇಜಾರಿನ ಕೆಲಸ. ಒಮ್ಮೊಮ್ಮೆ ಸಿಟ್ಟು ನೆತ್ತಿಗೇರುತ್ತಿತ್ತು.

ಈ ಪ್ರಶ್ನೆಯನ್ನು ಚೇಷ್ಟೆಗೆ ಬಳಸುವುದರಲ್ಲಿ ನಮ್ಮ ಸ್ಟೋರಿನ ಗಾಂವ್ಕರ್‌ನದು ಎತ್ತಿದ ಕೈ. ಅವನು ಜೊಯಿಡಾದವನು, ಮನೆಮಾತು ಕೊಂಕಣಿ. ಮೊದಲು ಗೋವಾದ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಏಜೆಂಟನ ಬಳಿ ಗುಮಾಸ್ತನಾಗಿದ್ದ. ಪೆಟ್ಟಿಗೆ ಮೇಲೆ ಬರೆದ ಎರಡಕ್ಷರ ನೋಡಿ ದೇಶ ಹೇಳುವುದು ಅವನ ವಿದ್ಯೆ. ಜೆಪಿ ಅಂದರೆ ಜಪಾನ್, ಡಿಇ ಅಂದರೆ ಜರ್ಮನಿ, ಹೀಗೆ. ದಾಂಡೇಲಿಯಲ್ಲಿ ಆ ವಿದ್ಯೆಗೆ ಗಿರಾಕಿ ಇರಲಿಲ್ಲ. ಪಾಪ, ವರ್ಷಗಟ್ಟಲೆ ಒಂದು ಅವಕಾಶಕ್ಕೆ ಕಾಯುತ್ತಿದ್ದ ಅಂತ ಕಾಣುತ್ತದೆ.

ಆ ಅವಕಾಶ ಒಂದು ಮರದ ಪೆಟ್ಟಿಗೆಯ ರೂಪದಲ್ಲಿ ಬಂತು. ಕರಾವಳಿಯ ಒಂದು ರಾಸಾಯನಿಕ ಕಾರ್ಖಾನೆಯವರು ಬೆಳ್ಳಿಯಂಥ ಲೋಹದ ಕಂಬಿಗಳನ್ನು ಕಳಿಸಿದ್ದರು. ಅವುಗಳಿಂದ ಪಂಪಿನ ಸ್ಲೀವುಗಳನ್ನು, ಅಂದರೆ ದಂಡಕ್ಕೆ ತೊಡಿಸುವ ಕೊಳವೆಗಳನ್ನು, ಕಡೆದು ಕೊಡಬೇಕಿತ್ತು. ಪೆಟ್ಟಿಗೆ ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಕೆ ಝಡ್ ಮತ್ತು ಆರ್ ಎರಡೇ ಅಕ್ಷರ. ಗಾಂವ್ಕರ್ ಅದನ್ನು ನೋಡಿದವನೇ ಕುಣಿದಾಡಿದ.

“ಝಡ್ ಆರ್! ಝೈರ್! ಆಫ್ರಿಕಾ! ಜುಜೆ, ತುಜ್ಯಾ ಗಾಂವಾಚೊ ಮಾಲ್ ಆಯ್ಲಾ ರೇ! ನಿನ್ನ ಊರಿನ ಮಾಲು ಬಂದೈತಿ, ಸಹಿ ಮಾಡಿ ಇಳಿಸ್ಕೋ!”

ವರ್ಕ್‌ಶಾಪಿಗೆ ವರ್ಕ್‌ಶಾಪೇ ನಕ್ಕಿತು. ಬೇರೆ ದಿನವಾಗಿದ್ದರೆ ನಾನೂ ಒಂದು ತಿರುಗೇಟು ಕೊಟ್ಟು ಸುಮ್ಮನಾಗುತ್ತಿದ್ದೆ. ಅವತ್ತು ಯಾಕೋ ಆ ಕಂಬಿಯನ್ನು ಕೈಯಲ್ಲಿ ಹಿಡಿದಾಗ ಮೈ ಜುಮ್ಮೆಂದಿತು. ನಮ್ಮ ಹಿರಿಯರನ್ನು ಹಡಗಿನಲ್ಲಿ ತಂದರು ಎಂದು ಎಲ್ಲರೂ ಹೇಳುತ್ತಾರೆ. ಆಫ್ರಿಕಾದ ಯಾವ ಊರಿನಿಂದ ಎಂದು ಹೇಳುವವರು ಯಾರೂ ಇಲ್ಲ. ಈಗ ಆ ಕಡೆಯಿಂದ ಏನೋ ಒಂದು ಬಂದು ನನ್ನ ಲೇಥಿಗೇ ಬಿದ್ದಿದೆಯಲ್ಲ ಅನ್ನಿಸಿತು. ಗಾಂವ್ಕರ್‌ನ ಚೇಷ್ಟೆಯನ್ನು ನಾನು ನಿಜ ಎಂದು ನುಂಗಿಬಿಟ್ಟೆ. ಗಾಂವ್ಕರ್ ಕೂಡ ಅದನ್ನು ನಿಜವೆಂದೇ ನಂಬಿದ್ದ ಅನ್ನುವುದು ಬೇರೆ ಮಾತು.

ಆ ಲೋಹ ಹಟಮಾರಿ. ವೇಗ ಹೆಚ್ಚಿಸಿದರೆ ಕಡೆಯುವ ಉಳಿಗೆ ಅಂಟಿಕೊಳ್ಳುತ್ತಿತ್ತು, ಉಳಿ ಮೊಂಡಾದರೆ ಕಿರುಚುತ್ತಿತ್ತು. ಈಗಿನ ಕಂಪ್ಯೂಟರ್ ಲೇಥಿನಲ್ಲಿ ಗಾಜಿನ ಬಾಗಿಲು ಮುಚ್ಚಿ ಅಂಕಿ ಒತ್ತಿದರಾಯಿತು, ಒಳಗೆ ಏನು ಕಿರುಚಿದರೂ ಆಪರೇಟರನ ಕಿವಿಯಲ್ಲಿ ಮೊಬೈಲ್ ಹಾಡು. ನಾವು ಸದ್ದು ಕೇಳಿ, ಲೋಹದಿಂದ ಎದ್ದು ಬರುವ ಸುರುಳಿಯ ಬಣ್ಣ ನೋಡಿ ಕೆಲಸ ಮಾಡಿದವರು. ಹಾಗೆಂದು ಹಳೆಯದೇ ಚೆಂದ ಎಂದು ನಾನು ಹೇಳುವುದಿಲ್ಲ. ನನ್ನ ಎಡಗೈ ಬೆರಳಿನ ಮೇಲಿನ ಗಾಯದ ಗುರುತುಗಳು ಹಾಗೆ ಹೇಳಲು ಬಿಡುವುದಿಲ್ಲ.

ಕಾರ್ಖಾನೆಯವರು ಫೋನಿನಲ್ಲಿ ಸಾವಕಾರರಿಗೆ ಒಂದು ಕಟ್ಟುನಿಟ್ಟು ಹೇಳಿದ್ದರು. ಕಡೆಯುವಾಗ ತಂಪಿನ ನೀರು ನಿಲ್ಲಬಾರದು, ಬಿದ್ದ ಸುರುಳಿಯನ್ನೆಲ್ಲ ಸಂಜೆ ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಇಡಬೇಕು. ಯಾಕೆ ಎಂದು ಸಾವಕಾರರು ಕೇಳಲಿಲ್ಲ. ಗಾಂವ್ಕರ್ ಕೇಳದೆಯೇ ಉತ್ತರ ಕೊಟ್ಟ. “ತುಟ್ಟಿ ಮಾಲು. ಕಳ್ಳರಿಗೆ ಕಾಣಬಾರದು ಅಂತ ನೀರಾಗ ಹುಗಸ್ತಾರ.” ನಮಗೆಲ್ಲ ಅದು ಸರಿಯಾಗೇ ಕಂಡಿತು.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದು ಮದುವೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನನ್ನ ತಂಗಿ ರೋಜಿ ಮಳಗಿ ಊರಿನ ಗಣಪನನ್ನು ಮೆಚ್ಚಿದ್ದಳು. ಗಣಪನೂ ಸಿದ್ದಿಯೇ, ಆದರೆ ಗುಡಿಗೆ ಹೋಗುವ ಮನೆಯವನು. ಟ್ರ್ಯಾಕ್ಟರ್ ರಿಪೇರಿಯಲ್ಲಿ ಹುಷಾರು, ಮಾತಿನಲ್ಲಿ ಮೆತ್ತಗೆ. ನಮ್ಮಲ್ಲಿ ಇಂಥ ಮದುವೆ ಹೊಸದೇನಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಅಡ್ಡಿ ಇದ್ದದ್ದು ಪೇದ್ರು ಮಾಮನಿಂದ. ಅವನು ನಮ್ಮ ತಾಯಿಯ ತಮ್ಮ, ರೋಜಿಯನ್ನು ತನ್ನ ಮಗನಿಗೆ ತರಬೇಕೆಂದು ಅವನ ಆಸೆ. ಆಯಿ, ಅಂದರೆ ನಮ್ಮ ತಾಯಿ, ಯಾವ ಕಡೆಗೂ ವಾಲದೆ ಹಿರಿಯರನ್ನು ಕೇಳೋಣ ಎಂದಳು.

ಹಿರಿಯರು ಅಂದರೆ ಸತ್ತುಹೋದ ನಮ್ಮ ಪೂರ್ವಿಕರು. ಯಾವ ದೇವರಿಗೆ ಹೋಗುವ ಸಿದ್ದಿಯ ಮನೆಯಲ್ಲೂ ಹಿರಿಯರಿಗೆ ಒಂದು ಮೂಲೆ ಇರುತ್ತದೆ. ಅಲ್ಲಿ ತೆಂಗಿನಕಾಯಿ ಇಟ್ಟು, ಅದಕ್ಕೆ ಒದ್ದೆ ಹೂವು ಅಂಟಿಸಿ, ಪ್ರಶ್ನೆ ಕೇಳುವುದು ನಮ್ಮ ಮನೆಯ ಪದ್ಧತಿ. ಹೂವು ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ರೋಜಿಯ ವಿಷಯದಲ್ಲಿ ಹೂವು ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ಮತ್ತೆ ಮತ್ತೆ ಕೇಳಿದರೂ ಅಂಟಿಕೊಂಡೇ ಒಣಗಿತು. ಗಣಪನ ಮನೆಯವರು ಎಷ್ಟು ದಿನ ಕಾದಾರು? ರೋಜಿ ಸೊರಗಿ ಕಡ್ಡಿಯಾಗಿದ್ದಳು.

“ಹಿರಿಯಾರು ಮಾತಾಡವಲ್ರು,” ಅಂದಳು ಆಯಿ. “ಎಲ್ಲಿಂದಲೋ ಬಂದವ್ರು. ನನ್ನ ಮಾತು ಅವರಿಗೆ ತಿಳೀತೈತೋ ಇಲ್ಲೋ.”

ಊಟಕ್ಕೆ ಕೂತಿದ್ದ ನಾನು ಸುಮ್ಮನಿರಬಾರದೇ? ವರ್ಕ್‌ಶಾಪಿಗೆ ಝೈರ್ ದೇಶದ ಲೋಹ ಬಂದಿದೆ ಎಂದೆ. ಆಯಿಯ ಕಣ್ಣು ಅಗಲವಾಯಿತು.

“ಆಫ್ರಿಕಾದ್ದ? ಹಿರಿಯಾರ ಊರಿಂದು? ಒಂದು ಚಿಟಿಕಿ ತಗೊಂಡು ಬಾರೋ. ತಮ್ಮ ಊರಿನ ವಸ್ತು ಕಂಡ್ರ ಗುರ್ತ ಹಿಡದು ಬಂದಾರು.”

ಸಾವಕಾರರನ್ನು ಕೇಳಿದೆ. “ಸುರುಳಿ ಏನ, ಒಂದು ಹಿಡಿ ಒಯ್ಯಿ. ದೇವರ ಕೆಲಸಕ್ಕ ಬ್ಯಾಡ ಅಂದ್ರ ನನಗ ಪಾಪ,” ಅಂದರು. ಡ್ರಮ್ಮಿನಿಂದ ಒಂದು ಹಿಡಿ ತೆಗೆದು, ಮನೆಗೆ ಒಯ್ದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದೆ. ದಾರದಷ್ಟು ಸಣ್ಣ ಸುರುಳಿಗಳು ಬೆಳ್ಳಿ ಗೆಜ್ಜೆಯ ಹಾಗೆ ಹೊಳೆಯುತ್ತಿದ್ದವು. ವಾಡೆಯವರೆಲ್ಲ ಬಂದು ಮುಟ್ಟಿ ನೋಡಿ ಹೋದರು. ಒಬ್ಬ ಮುದುಕ ಕೆನ್ನೆಗೆ ಒತ್ತಿಕೊಂಡು ಕಣ್ಣು ಒರೆಸಿಕೊಂಡ.

ಆಯಿತ್ವಾರ ಚರ್ಚಿನಿಂದ ಬಂದ ಮೇಲೆ ಎಲ್ಲರೂ ಹಿರಿಯರ ಮೂಲೆಯ ಮುಂದೆ ಕೂತೆವು. ಆಯಿ ಎಲೆಯ ಮೇಲೆ ಸುರುಳಿ ಹರಡಿ, ತೆಂಗಿನಕಾಯಿಗೆ ಹೂವು ಅಂಟಿಸಿ, ಕೈಮುಗಿದು ಕೇಳಿದಳು. “ನಿಮ್ಮ ಊರಿಂದ ತರಿಸೇನಿ. ಈಗರ ಮಾತಾಡ್ರಿ. ರೋಜಿನ್ನ ಗಣಪಗ ಕೊಡೂಣೇನು?” ಹಿರಿಯರಿಗೆ ಚೆನ್ನಾಗಿ ಕಾಣಲಿ ಎಂದು ದೀಪವನ್ನು ಎಲೆಯ ಹತ್ತಿರ ಸರಿಸಿದಳು. ಒಂದು ಸುರುಳಿಯ ತುದಿ ದೀಪಕ್ಕೆ ತಾಗಿತು.

ಆಮೇಲೆ ಕಂಡದ್ದು ಬರೀ ಬಿಳಿ ಬೆಳಕು. ಮಟಮಟ ಮಧ್ಯಾಹ್ನ ಮನೆಯೊಳಗೆ ಇನ್ನೊಂದು ಸೂರ್ಯ ಹುಟ್ಟಿದ ಹಾಗೆ. ನಾನು ಆಯಿಯನ್ನು ಹಿಂದಕ್ಕೆ ಎಳೆದೆ. ಪೇದ್ರು ಮಾಮ ನೀರು ತರಲು ಓಡಿದ, ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಲೆ ಇಲ್ಲ, ಹೂವು ಇಲ್ಲ. ತೆಂಗಿನಕಾಯಿ ಕರ್ರಗೆ, ನೆಲದ ಮೇಲೆ ಒಂದಿಷ್ಟು ಬಿಳಿ ಬೂದಿ. ಯಾರಿಗೂ ಏನೂ ಆಗಲಿಲ್ಲ, ಮುಂದೆ ಬಗ್ಗಿ ಕೂತಿದ್ದ ಮಾಮನ ಅರ್ಧ ಮೀಸೆಯೊಂದು ಬಿಟ್ಟು.

ಉಳಿದ ಮೀಸೆ ಸವರಿಕೊಳ್ಳುತ್ತ ಮಾಮ ತೀರ್ಪು ಕೊಟ್ಟ. “ನೋಡಿದ್ಯಾ ಅಕ್ಕಾ? ಹಿರಿಯಾರು ಬಂದ್ರು. ಬೆಂಕಿ ಉಗುಳಿ ಹೋದ್ರು. ಈ ಮದವಿ ಬ್ಯಾಡ ಅಂತ.”

“ಸಿಟ್ಟು ನನ್ನ ಮ್ಯಾಲಿದ್ರ ನಿನ್ನ ಮೀಸಿ ಯಾಕ ಸುಡತಿದ್ರು ಮಾಮಾ?” ಅಂದಳು ರೋಜಿ.

ಯಾರೂ ನಗಲಿಲ್ಲ.  ಆಯಿ ನಿಜವಾಗಿಯೂ ಹೆದರಿದ್ದಳು. ಬರುವ ಆಯಿತ್ವಾರ ಮಳಗಿಗೆ ಹೋಗಿ ಸಂಬಂಧ ಬೇಡವೆಂದು ಹೇಳಿಬರಲು ಮಾಮನಿಗೇ ವಹಿಸಿದಳು. ರೋಜಿ ಹಿತ್ತಲಿಗೆ ಹೋದವಳು ನನ್ನ ಕಡೆ ತಿರುಗಿ, “ನಿನ್ನ ಲೋಹಕ್ಕ ಬೆಂಕಿ ಹಚ್ಚಲಿ ಅಣ್ಣಾ,” ಅಂದಳು. ಹಚ್ಚಿ ಆಗಿತ್ತು.  ನನ್ನ ಕೈಯಾರೆ ತಂಗಿಯ ಮದುವೆ ಸುಟ್ಟಿದ್ದೆ.

ವಾರದ ನಡುವೆ ಕರಾವಳಿಯ ಕಾರ್ಖಾನೆಯಿಂದ ಸ್ಲೀವುಗಳ ಅಳತೆ ಪರೀಕ್ಷಿಸಲು ಒಬ್ಬ ಇಂಜಿನಿಯರ್ ಬಂದರು. ಎಳೆ ವಯಸ್ಸಿನ ಹೆಣ್ಣುಮಗಳು, ಶಾಲಿನಿ ಎಂದು ಹೆಸರು. ಅಳತೆಯೆಲ್ಲ ಸರಿಯಿದೆ ಎಂದು ಅವರು ಉಪಕರಣ ಒಳಗಿಡುವಾಗ ನಾನು ತಡೆಯಲಾರದೆ ಕೇಳಿದೆ.

“ಮ್ಯಾಡಮ್, ಈ ಝೈರ್ ಲೋಹ ದೀಪಕ್ಕ ಹತ್ತಿದ್ರ ಹಂಗ್ಯಾಕ ಉರೀತೈತ್ರಿ?”

ಅವರು ತಲೆ ಎತ್ತಿದರು. “ದೀಪಕ್ಕೆ? ಯಾವ ದೀಪಕ್ಕೆ?”

ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ಅವರ ಮುಖ ಬಿಳಿಚಿಕೊಂಡಿತು. “ಅಯ್ಯೋ, ಇದು ಝಿರ್ಕೋನಿಯಂ! ಒಣಗಿದ ಸಣ್ಣ ಸುರುಳಿಗೆ ಕಿಡಿ ತಾಗಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಅದಕ್ಕೇ ಅಲ್ಲವಾ ನೀರಿನಲ್ಲಿ ಇಡಿ ಅಂದದ್ದು? ನೀವು ಉರಿಯೋದರ ಮೇಲೆ ನೀರು ಹಾಕದೇ ಇದ್ದದ್ದು ಪುಣ್ಯ. ಆವಾಗ ಒಣ ಮರಳೇ ಬೇಕು.”

ಸಾವಕಾರರು ಎದ್ದು ನಿಂತರು. “ಅಂದ್ರ ನನ್ನ ಶೆಡ್ಡಿಗೂ ಹಂಗ ಹತ್ತೂದಿತ್ತೇನ್ರಿ?” ಹೌದೆನ್ನುವ ಹಾಗೆ ಶಾಲಿನಿಯವರು ತಲೆಯಾಡಿಸಿದರು. ಸಾವಕಾರರು ಶಿವಶಿವಾ ಎಂದು ಮತ್ತೆ ಕೂತರು. ಹುಡುಗರೇ, ಯಾರಾದರೂ ಹೀಗೆ ಮಾಡಿ ಅಂದರೆ ಯಾಕೆ ಎಂದು ಕೇಳಿ. ಕೇಳಿದರೆ ದಡ್ಡ ಅಂದಾರು, ಅನ್ನಲಿ ಬಿಡಿ.

“ಝಡ್ ಆರ್ ಅಂದ್ರ ಝೈರ್ ಅಲ್ಲೇನ್ರಿ ಮ್ಯಾಡಮ್?” ಗಾಂವ್ಕರ್ ಕಪಾಟಿನ ಹಿಂದಿನಿಂದಲೇ ಕೇಳಿದ. “ನಾ ಬಂದರದಾಗ ಇದ್ದಾಗ ಹಂಗ ಇತ್ತು.”

“ಇಲ್ಲಿ ಅದು ಲೋಹದ ಹೆಸರು. ಝೈರ್ ಅನ್ನೋ ಹೆಸರಿನ ದೇಶವೇ ಈಗಿಲ್ಲ, ಹೆಸರು ಕಾಂಗೋ ಅಂತ ಬದಲಾಗಿ ಎಷ್ಟೋ ವರ್ಷವಾಯಿತು. ಆ ಎರಡಕ್ಷರವೂ ಅದರ ಜೊತೆ ಹೋಯಿತು.”

“ನನಗ ಹೇಳದ ಹೋದ್ರ ನಾ ಏನ ಮಾಡ್ಲಿ?” ಅಂದ ಗಾಂವ್ಕರ್, ದೇಶದ ಮೇಲೇ ಮುನಿಸಿಕೊಂಡು.

ನನಗೆ ತಿಳಿಯಬೇಕಾದದ್ದು ಇನ್ನೊಂದಿತ್ತು. “ಹಂಗಾರ ಇದು ಎಲ್ಲೀದು ಮ್ಯಾಡಮ್?”

“ಇದಾ? ನಮ್ಮದೇ. ಕೇರಳದ ಕಡಲ ದಂಡೆಯ ಮರಳಿನಿಂದ ತೆಗೆದದ್ದು.”

ಆ ಸಂಜೆ ಬಸ್ಸಿಗೆ ಕಾಯುವುದೇ ಕಷ್ಟವಾಯಿತು. ಬಸ್ಸಿನಲ್ಲಿ ಕೂತ ಮೇಲೆ ಮಾತ್ರ ಮನಸ್ಸು ಅಳುಕಿತು. ಬೆಂಕಿ ಹಿರಿಯರದ್ದಲ್ಲ ಎಂದು ಹೇಳುವುದು ಸುಲಭ. ಆದರೆ ಅವರ ಊರಿನದು ಎಂದು ಆ ಲೋಹವನ್ನು ಕೆನ್ನೆಗೆ ಒತ್ತಿಕೊಂಡವರಿಗೆ, ಅದು ಪಕ್ಕದ ರಾಜ್ಯದ ಮರಳು ಎಂದು ಯಾವ ಬಾಯಿಂದ ಹೇಳಲಿ? ಆಯಿ ಕುಸಿದುಹೋದರೆ?

ಮನೆಯಲ್ಲಿ ಪೇದ್ರು ಮಾಮ ಚಹಾ ಕುಡಿಯುತ್ತ ಕೂತಿದ್ದ. ಆಯಿ ಅಕ್ಕಿ ಆರಿಸುತ್ತಿದ್ದಳು, ರೋಜಿ ಒಲೆಯ ಮುಂದೆ. ನಿಂತಲ್ಲೇ ಎಲ್ಲ ಹೇಳಿ ಮುಗಿಸಿದೆ. ಆಯಿ ಮೊರವನ್ನು ಕೆಳಗಿಟ್ಟಳು.

“ಆ ದೇಶನ ಇಲ್ಲಂತೇನೋ?”

“ಆ ಹೆಸರಿಂದು ಇಲ್ಲ ಆಯಿ.”

“ಬೆಂಕಿ?”

“ಅದು ಆ ಲೋಹದ ಗುಣ. ಯಾರು ದೀಪ ಹಿಡಿದ್ರೂ ಹಂಗ ಉರೀತೈತಿ.”

ಆಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಅವಳ ಹೊಟ್ಟೆ ಕುಲುಕಿತು. ಅಳುತ್ತಿದ್ದಾಳೆ ಎಂದು ಹತ್ತಿರ ಹೋದೆ. ನಗುತ್ತಿದ್ದಳು.

“ಕೇರಳದ ಮರಳಿಗೂ ನಮ್ಮ ಹಣೆಬರಹನ ಬಂತಲ್ಲೋ! ಇಲ್ಲೇ ಹುಟ್ಟಿದ್ದನ್ನ ಹಿಡದು ಆಫ್ರಿಕಾದ್ದು ಅಂದ್ವಿ.” ಸೆರಗಿನಿಂದ ಕಣ್ಣೊರೆಸಿಕೊಂಡು ಹಿರಿಯರ ಮೂಲೆಯ ಕಡೆ ನೋಡಿದಳು. “ನನ್ನ ಆಯಿ ಈ ವಾಡೇದಾಗ ಹುಟ್ಟಿದ್ಲು. ಅಕಿ ಆಯಿನೂ ಇಲ್ಲೇ ಮಣ್ಣಾದ್ಲು. ಅವರಿಗೆ ನನ್ನ ಮಾತು ತಿಳಿಯೂದಿಲ್ಲಂತ ನಾನರ ಯಾಕ ಅನ್ಕೊಂಡೆ?”

ರೋಜಿ ಒಲೆಯ ಬಳಿಯಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು. ಆಯಿ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು, ಬಹಳ ದಿನಗಳಿಂದ ನೋಡಿಯೇ ಇರಲಿಲ್ಲವೆನ್ನುವ ಹಾಗೆ.

“ಪೇದ್ರು, ಆಯಿತ್ವಾರ ಮಳಗಿಗೆ ಹೋಗು. ಗಣಪನ ಮಂದಿಗೆ ಊಟಕ್ಕ ಬರ್ರಿ ಅಂತ ಹೇಳಿ ಬಾ.”

ಮಾಮ ಲೋಟವನ್ನು ಬಾಯಿಂದ ತೆಗೆದ. “ಅದೆಂಗ ಅಕ್ಕಾ? ಹಿರಿಯಾರನ್ನ ಕೇಳಬೇಕಲ್ಲ?”

“ಈ ಮನ್ಯಾಗ ಈಗ ಎಲ್ಲಾರಿಗಿಂತ ಹಿರಿಯಾರು ಯಾರೋ?”

ಮಾಮ ನನ್ನ ಮುಖ ನೋಡಿದ, ರೋಜಿಯ ಮುಖ ನೋಡಿದ. “ನೀನ,” ಅಂದ ಸಣ್ಣ ದನಿಯಲ್ಲಿ.

“ಹಂಗಾರ ಕೇಳು.”

“ಏನಂತ ಕೇಳ್ಲಿ?”

“ರೋಜಿನ್ನ ಗಣಪಗ ಕೊಡೂಣೇನು ಅಂತ ಕೇಳು.”

ಮಾಮ ಲೋಟ ಕೆಳಗಿಟ್ಟು, ಅರ್ಧ ಮೀಸೆ ಸವರಿ, ಗಂಟಲು ಸರಿಮಾಡಿಕೊಂಡ. “ರೋಜಿನ್ನ ಗಣಪಗ ಕೊಡೂಣೇನು ಅಕ್ಕಾ?”

ಆಯಿ ಒಂದು ಗಳಿಗೆಯೂ ತಡ ಮಾಡಲಿಲ್ಲ.

“ಹೂಂ,” ಅಂದಳು.